ತಬಸ್: ಒಂದು ಊರು, ಮೂರು ಪ್ರಾಂತಗಳು

ಇರಾನಿನ ಪೂರ್ವಭಾಗದಲ್ಲಿ, ದಶ್ತೆ ಕವೀರ್ ಮತ್ತು ದಶ್ತೆ ಲೂತ್ ಎಂಬ ಎರಡು ಮರುಭೂಮಿಗಳ ನಡುವೆ, ಖರ್ಜೂರದ ಮರಗಳಿಗೆ ಹೆಸರಾದ ತಬಸ್ ಎಂಬ ಸಣ್ಣ ಪಟ್ಟಣವಿದೆ. ಇಲ್ಲಿಯ ಜನರ ಮಾತು ಪಾರಸಿ. 2016ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ ಸುಮಾರು 40,000. ರೋಗದ ಅಂಕಿಯೊಂದನ್ನು ಕಂಡಾಗ ವೈದ್ಯನಾದವನು "ಎಷ್ಟು ಜನರಲ್ಲಿ, ಯಾವ ವರ್ಷ, ಯಾವ ಪ್ರದೇಶದಲ್ಲಿ?" ಎಂದು ಕೇಳುತ್ತಾನೆ. ಜನಸಂಖ್ಯೆಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ತಬಸ್ ಅದಕ್ಕೊಂದು ಸ್ಪಷ್ಟ ನಿದರ್ಶನ.

ಮೊದಲು ಆಡಳಿತದ ಹಂತಗಳನ್ನು ತಿಳಿಯಬೇಕು. ಇರಾನ್ ದೇಶವು ಓಸ್ತಾನ್‌ಗಳಾಗಿ, ಅಂದರೆ ಪ್ರಾಂತಗಳಾಗಿ ವಿಭಾಗಗೊಂಡಿದೆ. ಓಸ್ತಾನ್‌ನ ಕೆಳಗೆ ಶಹ್ರೆಸ್ತಾನ್, ಅದರ ಕೆಳಗೆ ಬಖ್ಶ್, ಅದಕ್ಕೂ ಕೆಳಗೆ ಹಳ್ಳಿಗಳ ಗುಂಪಾದ ದೆಹೆಸ್ತಾನ್ ಬರುತ್ತವೆ. ಶಹ್ರೆಸ್ತಾನನ್ನು ಸ್ಥೂಲವಾಗಿ ನಮ್ಮ ಜಿಲ್ಲೆಗೆ ಹೋಲಿಸಬಹುದು. ಅದರ ಮುಖ್ಯಾಧಿಕಾರಿ ಫರ್ಮಾಂದಾರ್. ಪಟ್ಟಣಕ್ಕೆ ಶಹ್ರ್ ಎಂದು ಹೆಸರು. ಕನ್ನಡದ 'ಶಹರ'ವೂ 'ತಹಶೀಲ್ದಾರ'ದ 'ದಾರ'ವೂ ಪಾರಸಿಯಿಂದಲೇ ಬಂದವಾದ್ದರಿಂದ ಈ ಪದಗಳು ನಮಗೆ ತೀರ ಅಪರಿಚಿತವಲ್ಲ. ತಬಸ್ ಎಂಬ ಹೆಸರು ಪಟ್ಟಣಕ್ಕೂ ಸಲ್ಲುತ್ತದೆ, ಆ ಪಟ್ಟಣವೇ ಕೇಂದ್ರವಾಗಿರುವ ಶಹ್ರೆಸ್ತಾನಿಗೂ ಸಲ್ಲುತ್ತದೆ. ಸುಮಾರು 55,000 ಚದರ ಕಿಲೋಮೀಟರ್ ವಿಸ್ತಾರದ ಆ ಶಹ್ರೆಸ್ತಾನಿನಲ್ಲಿ 2016ರಲ್ಲಿ ಇದ್ದವರು 72,000ಕ್ಕೆ ತುಸು ಹೆಚ್ಚು ಮಂದಿ ಮಾತ್ರ.

ಇನ್ನು ಕಾಲದ ಮಾತು. 1978ರ ಸೆಪ್ಟೆಂಬರ್ 16ರ ಸಂಜೆ 7.4 ಪ್ರಮಾಣದ ಭೂಕಂಪವು ತಬಸ್ ಪಟ್ಟಣವನ್ನು ನೆಲಸಮಗೊಳಿಸಿತು. ಹಸಿ ಇಟ್ಟಿಗೆಯ ಗೋಡೆಗಳ ಮೇಲಿದ್ದ ಭಾರವಾದ ಮಣ್ಣಿನ ಕಮಾನು ಛಾವಣಿಗಳು ಕುಸಿದು, ಸುಮಾರು 13,000 ನಿವಾಸಿಗಳಲ್ಲಿ 11,000ದಷ್ಟು ಮಂದಿ ಮೃತರಾದರೆಂದು ಅಂದಿನ ಅಂದಾಜುಗಳು ಹೇಳುತ್ತವೆ. ಇರಾನಿನ ಜನಗಣತಿಗಳು ನಡೆದದ್ದು 1976 ಮತ್ತು 1986ರಲ್ಲಿ. ದುರಂತವು ಅವೆರಡರ ನಡುವೆ ಬಿದ್ದಿತು. 2006ರ ವೇಳೆಗೆ ಜನಸಂಖ್ಯೆ 30,000 ದಾಟಿತ್ತು. ಉಳಿದ ಕೆಲವೇ ಸಾವಿರ ಮಂದಿಯ ಸಂತಾನದಿಂದಲೇ ಇಪ್ಪತ್ತೆಂಟು ವರ್ಷಗಳಲ್ಲಿ ಇಷ್ಟು ಏರಿಕೆ ಸಾಧ್ಯವಿಲ್ಲ. ಹೊರಗಿನಿಂದ ಬಂದು ನೆಲೆಸಿದವರು ಅದರಲ್ಲಿ ಸೇರಿರಲೇಬೇಕು. ಏರುತ್ತಿರುವ ಅಂಕಿಯು ಒಂದು ಇಡೀ ತಲೆಮಾರಿನ ನಾಶವನ್ನು ಮರೆಮಾಡಬಲ್ಲದು.

ಕೊನೆಯದು ಗಡಿ. ಭೂಕಂಪದ ಕಾಲದಲ್ಲಿ ತಬಸ್ ವಿಶಾಲವಾದ ಖುರಾಸಾನ್ ಪ್ರಾಂತದಲ್ಲಿತ್ತು. 2001ರಲ್ಲಿ ಅದನ್ನು ಯಜ್ದ್ ಪ್ರಾಂತಕ್ಕೆ ಸೇರಿಸಲಾಯಿತು. 2004ರಲ್ಲಿ ಖುರಾಸಾನ್ ಮೂರು ಹೋಳಾಯಿತು. ಆ ಬಳಿಕ, 2011ರ ಜನಗಣತಿ ಮುಗಿದ ಮೇಲೆ, ತಬಸ್ ದಕ್ಷಿಣ ಖುರಾಸಾನಿಗೆ ಸೇರಿತು. ದಕ್ಷಿಣ ಖುರಾಸಾನಿನ ಜನಸಂಖ್ಯೆ 2011ರಲ್ಲಿ ಸುಮಾರು 6.6 ಲಕ್ಷವಿದ್ದದ್ದು 2016ರಲ್ಲಿ ಸುಮಾರು 7.7 ಲಕ್ಷವಾಯಿತು. ಐದೇ ವರ್ಷಗಳಲ್ಲಿ ಜನನಪ್ರಮಾಣ ಜಿಗಿಯಿತೆಂದು ಯಾರಾದರೂ ಭಾವಿಸಿದರೆ ಅದು ತಪ್ಪು ನಿರ್ಣಯ. ಹೆಚ್ಚಳದ ಬಹುಪಾಲು ತಬಸ್ ಶಹ್ರೆಸ್ತಾನಿನದು. ಅಲ್ಲಿಯ ಜನ ಮನೆಯಿಂದ ಕದಲದೆಯೇ ಪ್ರಾಂತ ಬದಲಿಸಿದ್ದರು.

ಇದು ಬರಿಯ ಕಾಗದದ ವಿಷಯವಲ್ಲ. ಇರಾನಿನಲ್ಲಿ ಆರೋಗ್ಯಸೇವೆಯ ಆಡಳಿತವು ವೈದ್ಯಕೀಯ ವಿಜ್ಞಾನ ವಿಶ್ವವಿದ್ಯಾಲಯಗಳ ಕೈಯಲ್ಲಿದೆ. ಆಸ್ಪತ್ರೆಯ ಹಾಸಿಗೆಗಳನ್ನು ಪಟ್ಟಣದ 40,000ಕ್ಕೆ ಲೆಕ್ಕ ಹಾಕಿದರೆ ಸಾಕಷ್ಟಿವೆಯೆಂದು ತೋರಬಹುದು; ಶಹ್ರೆಸ್ತಾನಿನ 72,000ಕ್ಕೆ ಲೆಕ್ಕ ಹಾಕಿದರೆ ಕೊರತೆ ಕಾಣಬಹುದು. ಗಣಿಗಳಿಗೆ ದುಡಿಯಲು ಬಂದವರು ಎರಡರಲ್ಲಿಯೂ ಬಿಟ್ಟುಹೋಗುವ ಸಂಭವವಿದೆ. 2024ರ ಸೆಪ್ಟೆಂಬರಿನಲ್ಲಿ ತಬಸ್ ಬಳಿಯ ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಅನಿಲ ಸ್ಫೋಟಿಸಿ ಸುಮಾರು 50 ಕಾರ್ಮಿಕರು ಮಡಿದರು. ಅಂಥ ದಿನ ಗಾಯಾಳುಗಳನ್ನು ಹತ್ತಿರದ ಆಸ್ಪತ್ರೆಗೇ ತರಬೇಕಾಗುತ್ತದೆ. ಅವರ ಹೆಸರು ಯಾವ ಊರಿನ ಗಣತಿಯಲ್ಲಿದೆಯೆಂದು ಆಗ ಯಾರೂ ಕೇಳುವುದಿಲ್ಲ.

ಆದುದರಿಂದ ತಬಸ್ ಕುರಿತು ಹಳೆಯ ದಾಖಲೆ ಹುಡುಕುವವರು ಭೂಕಂಪವನ್ನು ಖುರಾಸಾನಿನಲ್ಲಿಯೂ, 2006ರ ಗಣತಿಯನ್ನು ಯಜ್ದ್‌ನಲ್ಲಿಯೂ, ಗಣಿ ದುರಂತವನ್ನು ದಕ್ಷಿಣ ಖುರಾಸಾನಿನಲ್ಲಿಯೂ ನೋಡಬೇಕು. ಮೂರೂ ಒಂದೇ ಊರಿನ ಕಥೆಗಳು.