ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್‌ಗೂ ಮುನ್ನ ಜೀನ್ ಟೆಸ್ಟ್ ಬೇಕೇ? ಫಾರ್ವರ್ಡ್ ಹೇಳುವುದರಲ್ಲಿ ಎಷ್ಟು ನಿಜ?

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಅದರ ಸಾರ ಇಷ್ಟು: ಒಬ್ಬೊಬ್ಬರ ಡಿಎನ್‌ಎ ಒಂದೊಂದು ಥರ, ಹಾಗಾಗಿ ಒಬ್ಬರಿಗೆ ಅಮೃತವಾದ ಔಷಧ ಇನ್ನೊಬ್ಬರಿಗೆ ವಿಷ. ವಿದೇಶದಲ್ಲಿ ಜೀನ್ ಟೆಸ್ಟ್ ಮಾಡದೆ ಎಮರ್ಜೆನ್ಸಿಯಲ್ಲಿ ಒಂದು ಇಂಜೆಕ್ಷನ್ನೂ ಕೊಡುವುದಿಲ್ಲ, ನಮ್ಮಲ್ಲಿ ಮಾತ್ರ ಕಣ್ಣುಮುಚ್ಚಿ ಚುಚ್ಚುತ್ತಾರೆ. ಕೊನೆಗೆ ‘ಮೊದಲು ಟೆಸ್ಟ್ ಕೇಳಿ, ಅದು ನಿಮ್ಮ ಹಕ್ಕು’ ಎಂಬ ಸಾಲು, ಕೈಮುಗಿದ ನಾಲ್ಕು ಇಮೋಜಿ.

ಅರ್ಧ ಗಂಟೆಯಲ್ಲಿ ಚಿಕ್ಕಮ್ಮನ ಫೋನ್. “ಚಿಕ್ಕಪ್ಪಂಗೆ ಸ್ಟೆಂಟ್ ಹಾಕಿದಾರೆ ಅಲ್ವೇನೇ, ನಾಳೆ ಎದೆನೋವು ಅಂತ ಓಡಿದ್ರೆ ಟೆಸ್ಟ್ ಆಗೋವರ್ಗೂ ಇಂಜೆಕ್ಷನ್ ಬೇಡ ಅನ್ಬೇಕಾ? ಈಗ ತಗೊಳ್ತಿರೋ ಮಾತ್ರೆ ನಿಲ್ಸಿಬಿಡ್ಲಾ?”

ಎರಡಕ್ಕೂ ಉತ್ತರ ‘ಖಂಡಿತ ಬೇಡ’. ಆದರೆ ಫಾರ್ವರ್ಡ್ ಪೂರ್ತಿ ಸುಳ್ಳೂ ಅಲ್ಲ. ಪೂರ್ತಿ ಸುಳ್ಳಾದದ್ದನ್ನು ತಳ್ಳಿಹಾಕುವುದು ಸುಲಭ. ಒಂದು ಹಿಡಿ ಸತ್ಯ ಬೆರೆತ ಸಂದೇಶವೇ ಜನರನ್ನು ಆಸ್ಪತ್ರೆಯ ಬಾಗಿಲಲ್ಲಿ ತಡೆದು ನಿಲ್ಲಿಸುವುದು.

26 ನಿಮಿಷದ ಪರೀಕ್ಷೆ

ಆ ಒಂದು ಹಿಡಿ ಸತ್ಯ ಇರುವುದು ಇಂಗ್ಲೆಂಡಿನಲ್ಲಿ. ನವಜಾತ ಶಿಶುವಿಗೆ ರಕ್ತದಲ್ಲಿ ಸೋಂಕು ಶಂಕೆ ಬಂದರೆ ವೈದ್ಯರು ಹೆಚ್ಚಾಗಿ ಮೊರೆಹೋಗುವ ಆ್ಯಂಟಿಬಯಾಟಿಕ್‌ಗಳಲ್ಲಿ ಜೆಂಟಾಮೈಸಿನ್ ಒಂದು. ಅಗ್ಗದ್ದು, ನಂಬಿಕೆಯದ್ದು. ಕೊಡಬೇಕು ಎಂದು ನಿರ್ಧರಿಸಿದ ಮೇಲೆ ಒಂದು ಗಂಟೆಯೊಳಗೆ ಕೊಡಬೇಕು ಎನ್ನುವುದು ಅಲ್ಲಿನ ನಿಯಮ.

ಆದರೆ ಸುಮಾರು 500ರಲ್ಲಿ ಒಬ್ಬರ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ, 1555ನೇ ಜಾಗದಲ್ಲಿ, ಒಂದೇ ಒಂದು ಅಕ್ಷರ ಬೇರೆ ಇರುತ್ತದೆ. ಮೈಟೋಕಾಂಡ್ರಿಯಾ ಎಂದರೆ ನಮ್ಮ ಜೀವಕೋಶಗಳೊಳಗಿನ ಶಕ್ತಿಕೇಂದ್ರ. ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಈ ಒಂದಕ್ಷರದ ವ್ಯತ್ಯಾಸ ಇರುವವರಲ್ಲಿ ಮೈಟೋಕಾಂಡ್ರಿಯಾದ ಯಂತ್ರವೂ ಬ್ಯಾಕ್ಟೀರಿಯಾದ್ದರಂತೆಯೇ ಕಾಣುತ್ತದೆ. ಔಷಧ ಅದಕ್ಕೂ ಅಂಟಿಕೊಳ್ಳುತ್ತದೆ. ಒಳಕಿವಿಯಲ್ಲಿ ಶಬ್ದ ಹಿಡಿಯುವ ಸೂಕ್ಷ್ಮ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮಗು ಬದುಕುತ್ತದೆ, ಕಿವಿ ಹೋಗುತ್ತದೆ. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರವಾದ್ದರಿಂದ ಈ ಗುಣವೂ ತಾಯಿಯ ಕಡೆಯಿಂದಲೇ ಬರುತ್ತದೆ.

ವಿಜ್ಞಾನಿಗಳಿಗೆ ಇದು ಹೊಸ ವಿಷಯವೇನಲ್ಲ. ತೊಡಕು ಇದ್ದದ್ದು ಗಡಿಯಾರದಲ್ಲಿ. ಲ್ಯಾಬ್‌ನಿಂದ ವರದಿ ಬರಲು ದಿನಗಳು ಬೇಕು, ಮಗುವಿಗಿರುವುದು ಒಂದು ಗಂಟೆ. ಮ್ಯಾಂಚೆಸ್ಟರ್‌ನ ತಂಡವೊಂದು ಹಾಸಿಗೆಯ ಪಕ್ಕದಲ್ಲೇ ಇಡಬಹುದಾದ ಪುಟ್ಟ ಯಂತ್ರವನ್ನು ಬಳಸಿತು. ಮಗುವಿನ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಯಂತ್ರಕ್ಕೆ ಹಾಕಿದರೆ 26 ನಿಮಿಷದಲ್ಲಿ ಉತ್ತರ. ನರ್ಸ್‌ಗಳೇ ಮಾಡಬಹುದು. 2020ರಲ್ಲಿ ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ನ ಎರಡು ಶಿಶು ಘಟಕಗಳಲ್ಲಿ 751 ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು, 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ಮಕ್ಕಳಲ್ಲಿ ಆ ವ್ಯತ್ಯಾಸ ಸಿಕ್ಕಿತು. ಮೂವರಿಗೂ ಜೆಂಟಾಮೈಸಿನ್ ಜಾತಿಯ ಔಷಧಗಳನ್ನು ತಪ್ಪಿಸಲಾಯಿತು.

ನನಗೆ ಮುಖ್ಯವೆನಿಸಿದ್ದು ಇನ್ನೊಂದು ಅಂಕಿ. ಈ ಪರೀಕ್ಷೆಯಿಂದಾಗಿ ಮಕ್ಕಳಿಗೆ ಆ್ಯಂಟಿಬಯಾಟಿಕ್ ಸಿಗುವುದು ಮೊದಲಿಗಿಂತ ತಡವಾಗಲಿಲ್ಲ. ತಡವಾಗಿದ್ದರೆ ಕಿವಿ ಉಳಿಸಲು ಹೋಗಿ ಪ್ರಾಣವನ್ನೇ ಪಣಕ್ಕಿಟ್ಟಂತೆ ಆಗುತ್ತಿತ್ತು. ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಿತು ಎಂದಲ್ಲ. ಶುರುವಿನಲ್ಲಿ 100ಕ್ಕೆ ಸುಮಾರು 17 ಪರೀಕ್ಷೆಗಳು ಉತ್ತರವನ್ನೇ ಕೊಡುತ್ತಿರಲಿಲ್ಲ. ಯಂತ್ರದೊಳಗಿನ ಕಾರ್ಟ್ರಿಜ್ ಬದಲಿಸಿದ ಮೇಲೆ ಅದು 6ರ ಆಸುಪಾಸಿಗೆ ಇಳಿಯಿತು. 2023ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಇನ್ನಷ್ಟು ಸಾಕ್ಷ್ಯ ಕಲೆಹಾಕುತ್ತಲೇ ಇದನ್ನು ಬಳಸಬಹುದು ಎಂದಿತು. ಒಂದು ಔಷಧ, ಒಂದು ಜೀನ್, ಅದಕ್ಕೇ ಇಷ್ಟು ಕೆಲಸ. ‘ವಿದೇಶದಲ್ಲಿ ಟೆಸ್ಟ್ ಇಲ್ಲದೆ ಇಂಜೆಕ್ಷನ್ನೇ ಇಲ್ಲ’ ಎನ್ನುವುದು ಹಸಿ ಸುಳ್ಳು.

ಚಿಕ್ಕಪ್ಪನ ಮಾತ್ರೆಯ ಕಥೆ

ಚಿಕ್ಕಪ್ಪ ನುಂಗುವುದು ಕ್ಲೋಪಿಡೋಗ್ರೆಲ್, ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ. ಮಾತ್ರೆಯಾಗಿ ಹೊಟ್ಟೆಗೆ ಹೋದಾಗ ಅದಕ್ಕೆ ಶಕ್ತಿ ಇರುವುದಿಲ್ಲ. ಲಿವರ್‌ನಲ್ಲಿ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರಬೇಕು. ಕೆಲವರಲ್ಲಿ ಈ ಕಿಣ್ವ ಮಂದ, ಕೆಲವರಲ್ಲಿ ಇಲ್ಲವೇ ಇಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದ 44,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಶೇ. 57ರಷ್ಟು ಮಂದಿ ಈ ಎರಡು ಗುಂಪಿಗೆ ಸೇರಿದವರು ಎಂದು 2023ರಲ್ಲಿ ಗೊತ್ತಾಯಿತು. ನಮ್ಮದೇ ಉಪಖಂಡದ ಜನ, ಹಾಗಾಗಿ ಇದು ನಮಗೂ ಸಂಬಂಧಿಸಿದ ಸಂಗತಿಯೇ. ಗಾಬರಿ ಬೇಡ, ಇವರಲ್ಲಿ ಹೆಚ್ಚಿನವರಲ್ಲಿ ಕಿಣ್ವ ಕಡಿಮೆ ಇರುತ್ತದೆ, ಸೊನ್ನೆಯಲ್ಲ. ಅಮೆರಿಕದ ಎಫ್‌ಡಿಎ 2010ರಲ್ಲೇ ಈ ಔಷಧದ ಮಾಹಿತಿ ಹಾಳೆಯಲ್ಲಿ ಎಚ್ಚರಿಕೆ ಸೇರಿಸಿತ್ತು.

ಹಾಗಾದರೆ ಎದೆನೋವು ಬಂದ ಕೂಡಲೇ ಪರೀಕ್ಷೆ ಮಾಡಿದರೆ? ಕೆನಡಾದ ಒಟ್ಟಾವಾದಲ್ಲಿ 2012ರಷ್ಟು ಹಿಂದೆಯೇ ನರ್ಸ್‌ಗಳು ಒಂದು ಗಂಟೆಯಲ್ಲಿ ಈ ಜೀನ್ ಓದಿ ತೋರಿಸಿದ್ದರು. ಆಮೇಲೆ ಬಂದ ದೊಡ್ಡ ಅಧ್ಯಯನ ಟೈಲರ್-ಪಿಸಿಐ. 5,000ಕ್ಕೂ ಹೆಚ್ಚು ರೋಗಿಗಳು, 2020ರ ಫಲಿತಾಂಶ. ಜೀನ್ ವ್ಯತ್ಯಾಸ ಇದ್ದವರನ್ನು ಒಂದು ವರ್ಷ ನೋಡಿದಾಗ, ಪರೀಕ್ಷೆ ನೋಡಿ ಔಷಧ ಬದಲಿಸಿದವರಲ್ಲಿ ಶೇ. 4ರಷ್ಟು ಮಂದಿಗೆ ತೊಂದರೆ ಕಾಣಿಸಿತು, ಬದಲಿಸದವರಲ್ಲಿ ಶೇ. 5.9ರಷ್ಟು ಮಂದಿಗೆ. ಲಾಭ ಇದೆ ಅನ್ನಿಸುತ್ತದೆ, ಆದರೆ ಅಂಕಿಅಂಶದ ಅಳತೆಗೋಲಿನಲ್ಲಿ ‘ಖಚಿತ’ ಎನ್ನುವುದು ಕೂದಲೆಳೆಯಲ್ಲಿ ತಪ್ಪಿತು. ಗಮನಿಸಿ, ಇಲ್ಲಿ ಪರೀಕ್ಷೆ ಮಾಡಿದ್ದು ರಕ್ತನಾಳ ತೆರೆದ ಮೇಲೆ. ಮುಂದಿನ ತಿಂಗಳುಗಳಲ್ಲಿ ಯಾವ ಮಾತ್ರೆ ಎಂಬುದಷ್ಟೇ ಜೀನ್ ಹೇಳಬೇಕಿದ್ದ ಮಾತು.

ಎದೆನೋವಿನ ಮೊದಲ ಗಂಟೆಯಲ್ಲಿ ಬೇಕಾದ್ದು ಇಸಿಜಿ, ಆಸ್ಪಿರಿನ್, ಮುಚ್ಚಿದ ರಕ್ತನಾಳ ತೆರೆಯುವ ಇಂಜೆಕ್ಷನ್ ಅಥವಾ ಆಂಜಿಯೋಪ್ಲಾಸ್ಟಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಟ್ಟಿರುವುದು ಇದೇ ಕಾರಣಕ್ಕೆ. ಅದನ್ನು ಕೈಯಲ್ಲಿ ಹಿಡಿದ ವೈದ್ಯರ ಮುಂದೆ ಫಾರ್ವರ್ಡ್ ತೋರಿಸಿ ‘ಮೊದಲು ಟೆಸ್ಟ್’ ಎಂದರೆ, ಆ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಇನ್ನು ಜೀನ್‌ನ ಚಿಂತೆಯೇ ಇರುವ ಕಡೆ, ಈ ಕಿಣ್ವದ ಹಂಗಿಲ್ಲದ ಟಿಕಾಗ್ರೆಲರ್‌ನಂಥ ಔಷಧಗಳೂ ವೈದ್ಯರ ಬಳಿ ಇವೆ. ಅವಕ್ಕೆ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು. ಆ ತೂಕ ನೋಡುವುದು ಅವರ ಕೆಲಸ.

ಒಂದು ವಾಕ್ಯವೇ ಟೆಸ್ಟ್ ಆಗುವ ಕಡೆ

ತುರ್ತಾಗಿ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಬೇಕಾದಾಗ ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಕೊಡುವುದುಂಟು. ಆಸ್ಪತ್ರೆಯವರ ಬಾಯಲ್ಲಿ ಅದು ಸ್ಕೋಲಿನ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿದುಹೋಗುತ್ತದೆ. ರಕ್ತದಲ್ಲಿ ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದವರಲ್ಲಿ ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. ಅಲ್ಲಿಯವರೆಗೆ ಅವರು ತಾವಾಗಿ ಉಸಿರಾಡಲಾರರು.

ಈ ಕೊರತೆ ಆರ್ಯವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಉಳಿದವರಿಗಿಂತ ಹೆಚ್ಚು ಎಂಬುದು ಅರಿವಳಿಕೆ ವೈದ್ಯರಿಗೆ ಹಳೆಯ ಅನುಭವ. ಇದರ ಹಿಂದಿನ ಜೀನ್ ಬದಲಾವಣೆಯನ್ನು 2006ರಲ್ಲಿ ಸಂಶೋಧಕರು ಗುರುತಿಸಿದರು. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುವ ಯಾವ ಸಮುದಾಯದಲ್ಲೂ ಇಂಥದ್ದು ಒಂದಿಲ್ಲೊಂದು ಇರುತ್ತದೆ, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇಲ್ಲಿ ನೆರವಿಗೆ ಬರುವುದು ‘ನಮ್ಮಣ್ಣನಿಗೆ ಆಪರೇಷನ್ ಆದಾಗ ಎಚ್ಚರ ಬಂದರೂ ಉಸಿರು ಬರೋಕೆ ತುಂಬಾ ಹೊತ್ತಾಯ್ತು’ ಎಂಬ ಒಂದು ಮಾತು. ಅಷ್ಟು ಕೇಳಿದರೆ ವೈದ್ಯರು ರೊಕುರೋನಿಯಂನಂಥ ಬೇರೆ ಔಷಧಕ್ಕೆ ಕೈಹಾಕುತ್ತಾರೆ. ಸಂಶಯವಿದ್ದವರು ಬಿಡುವಿನಲ್ಲಿ ಸ್ಯೂಡೋಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು, ಅದಕ್ಕೆ ಡಿಎನ್‌ಎ ಓದುವ ಅಗತ್ಯವಿಲ್ಲ. ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳು ದೇಹ ಸೇರಿದರೂ ಇದೇ ಕಿಣ್ವ ಕುಸಿಯುತ್ತದೆ. ಆ ಸುದ್ದಿಯನ್ನು ಯಾವ ಜೀನ್ ಕಾರ್ಡೂ ಹೇಳುವುದಿಲ್ಲ, ಜೊತೆಗೆ ಬಂದವರೇ ಹೇಳಬೇಕು.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಿಟ್ಟರೆ ಸ್ಟೆಂಟ್ ಮುಚ್ಚಿಕೊಳ್ಳುವ ಭಯವಿದೆ. ಡಿಸ್‌ಚಾರ್ಜ್ ಸಮ್ಮರಿಯ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಯಾವ ಔಷಧಕ್ಕೆ ಹಿಂದೆ ಮೈಯೆಲ್ಲ ದದ್ದು ಬಂತು, ಮನೆಯಲ್ಲಿ ಯಾರಿಗೆ ಅರಿವಳಿಕೆಯಲ್ಲಿ ತೊಂದರೆಯಾಯಿತು ಎಂಬುದನ್ನು ಅದರ ಮೇಲೇ ಬರೆದಿಡಿ. ಜೀನ್ ಟೆಸ್ಟ್ ಬೇಕೋ ಬೇಡವೋ ಎಂಬುದನ್ನು ಹೃದ್ರೋಗ ತಜ್ಞರನ್ನೇ ಕೇಳೋಣ.

ಚೆಕಪ್ ಮುಂದಿನ ತಿಂಗಳು. ಪ್ರಶ್ನೆಯನ್ನು ಚಿಕ್ಕಮ್ಮ ಅದೇ ಹಾಳೆಯ ಹಿಂಬದಿ ಬರೆದುಕೊಂಡಿದ್ದಾರೆ.