ಗ್ರಂಥಾಲಯದೊಳಗೆ ಗಿಡುಗ

ಕ್ರಿ.ಶ. ೨೦೧೧ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಗ್ರಂಥಾಲಯವನ್ನು ಕೂಪರ್ ಜಾತಿಯ ಹೆಣ್ಣು ಗಿಡುಗವೊಂದು ಹೊಕ್ಕಿತು. ವಾಚನಾಲಯದ ಉನ್ನತ ಗುಮ್ಮಟವನ್ನಾಶ್ರಯಿಸಿದ ಅದಕ್ಕೆ ಸುಮಾರು ಒಂದು ವಾರ ಹೊರದಾರಿ ದೊರೆಯಲಿಲ್ಲ. ಬೆದರಿದ ಪಕ್ಷಿಯು ಸಹಜವಾಗಿಯೇ ಮೇಲಕ್ಕೂ ಬೆಳಕಿನೆಡೆಗೂ ಹಾರುತ್ತದೆ. ಬಯಲಿನಲ್ಲಿ ಪ್ರಾಣ ಕಾಯುವ ಈ ಪ್ರವೃತ್ತಿಯೇ ಕಟ್ಟಡದೊಳಗೆ ಬಂಧನವಾಗುತ್ತದೆ. ಬಾಗಿಲು ಕೆಳಗಿರುತ್ತದೆ, ಗಾಜು ಬೆಳಕನ್ನು ತೋರಿ ದಾರಿಯನ್ನು ತಡೆಯುತ್ತದೆ. ಅಟ್ಟಿದಷ್ಟೂ ಹಕ್ಕಿ ದಣಿಯುತ್ತದೆ. ಕೊನೆಗೆ ಪರಿಣತರು ಜೀವಂತ ಸ್ಟಾರ್ಲಿಂಗ್ ಹಕ್ಕಿಗಳನ್ನಿರಿಸಿದ ಬೋನೊಡ್ಡಿ, ಹಸಿದು ಕೃಶವಾಗಿದ್ದ ಗಿಡುಗವನ್ನು ಹಿಡಿದು ಶುಶ್ರೂಷೆಗೆ ಒಪ್ಪಿಸಿದರು.

ಶಾಲೆ, ಕಚೇರಿಗಳ ಸಾಮಾನ್ಯ ಕೊಠಡಿಗೆ ಹಕ್ಕಿ ಹೊಕ್ಕಾಗ ಉಪಾಯ ಸುಲಭ. ಫ್ಯಾನನ್ನು ನಿಲ್ಲಿಸಿ, ದೀಪವಾರಿಸಿ, ಒಂದು ಕಿಟಕಿಯನ್ನು ಮಾತ್ರ ತೆರೆದಿರಿಸಿ, ಉಳಿದವನ್ನು ಮುಚ್ಚಿ, ಎಲ್ಲರೂ ದೂರ ಸರಿಯಬೇಕು. ಆ ಒಂದು ಬೆಳಕೇ ಅದಕ್ಕೆ ಬಿಡುಗಡೆಯ ಹಾದಿ.