ದೋಣಿಯಾನ: ಮಾರ್ಗದರ್ಶಿ ಪುಸ್ತಕದ ನೆರವಿನಿಂದ ಪ್ರವಾಸ ಯೋಜನೆ

ನದಿ ಹಾಗೂ ಕೆರೆಗಳಲ್ಲಿ ಕಿರುದೋಣಿ, ಕಯಾಕ್ ಅಥವಾ ಹರಿಗೋಲಿನ ಮೂಲಕ ಪ್ರವಾಸ ಕೈಗೊಳ್ಳಲು ಅನುಮತಿ ಕೋರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆ ಹಾಗೂ ಸಮೀಪದ ತುಂಗಭದ್ರಾ ನದಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದ್ದು, ಇಲ್ಲಿನ ಕ್ರಮವು ಇತರ ಜಲಮಾರ್ಗಗಳಿಗೂ ಅನ್ವಯಿಸುತ್ತದೆ.

1. ಮಾರ್ಗದರ್ಶಿ ಪುಸ್ತಕ ಎಂದರೇನು?

ದೋಣಿ ಇಳಿಸುವ ಸ್ಥಳ, ತಂಗುವ ಸ್ಥಳ, ಅಪಾಯದ ಸ್ಥಳ ಹಾಗೂ ದೋಣಿಯನ್ನು ಹೊತ್ತು ದಡದ ಮೇಲೆ ಸಾಗಬೇಕಾದ ದಾರಿಯನ್ನು ಅನುಕ್ರಮವಾಗಿ ತಿಳಿಸುವ ಪುಸ್ತಕವೇ ಮಾರ್ಗದರ್ಶಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಬೌಂಡರಿ ವಾಟರ್ಸ್ ಅರಣ್ಯ ಪ್ರದೇಶದ ನಕ್ಷೆಗಳಲ್ಲಿ ಹೊತ್ತು ಸಾಗುವ ದಾರಿಯ ಉದ್ದವನ್ನು ‘ರಾಡ್’ ಎಂಬ ಅಳತೆಯಲ್ಲಿ ನಮೂದಿಸುವ ರೂಢಿ ಇದೆ. ಒಂದು ರಾಡ್ ಎಂದರೆ 16.5 ಅಡಿ, ಅಂದರೆ ಸುಮಾರು ಒಂದು ದೋಣಿಯ ಉದ್ದ. ನಮ್ಮ ಅಂಬಿಗರು ಹರಿಗೋಲನ್ನು ತಲೆಯ ಮೇಲೆ ಹೊತ್ತು ಸಾಗುವುದೂ ಇದೇ ಬಗೆಯ ಕ್ರಮವಾಗಿದೆ.

ಪುಸ್ತಕವು ಲೇಖಕರು ಸಂಚರಿಸಿದ ದಿನದ ನದಿಯನ್ನು ಮಾತ್ರ ವಿವರಿಸುತ್ತದೆ. ಅರ್ಜಿದಾರರು ಇಳಿಯುವ ದಿನದ ನದಿಯನ್ನಲ್ಲ. ಆದ್ದರಿಂದ ಪುಸ್ತಕದಿಂದ ಸ್ಥಳವನ್ನು ತಿಳಿಯಬೇಕು. ಹೊರಡುವ ನಿರ್ಧಾರವನ್ನು ಆ ದಿನದ ನೀರನ್ನು ನೋಡಿ ಕೈಗೊಳ್ಳಬೇಕು.

2. ಪುಸ್ತಕವನ್ನು ಓದುವ ಕ್ರಮ

(ಅ) ಪ್ರಕಟಣೆಯ ವರ್ಷ ಹಾಗೂ ಲೇಖಕರು ಸಂಚರಿಸಿದ ತಿಂಗಳನ್ನು ಮೊದಲು ಗಮನಿಸಬೇಕು. ಜನವರಿಯಲ್ಲಿ ಕಂಡ ಮರಳಿನ ದಿಬ್ಬವು ಆಗಸ್ಟ್‌ನಲ್ಲಿ ಇರುವುದಿಲ್ಲ. ಮರಳು ತೆಗೆದ ಕಡೆ ಆಳವಾದ ಗುಂಡಿಗಳು ಉಂಟಾಗಿರಬಹುದು.

(ಆ) ಎಡದಂಡೆ, ಬಲದಂಡೆ ಎಂಬುದನ್ನು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಗುರುತಿಸಲಾಗುತ್ತದೆ. ಅದರಂತೆ ಹರಿಹರ ಪಟ್ಟಣವು ತುಂಗಭದ್ರೆಯ ಬಲದಂಡೆಯಲ್ಲಿಯೂ, ಕುಮಾರಪಟ್ಟಣವು ಎಡದಂಡೆಯಲ್ಲಿಯೂ ಇವೆ.

(ಇ) ಹಳೆಯ ಪುಸ್ತಕ ಹಾಗೂ ನಕ್ಷೆಗಳಲ್ಲಿ ಹರಿಹರವು ಚಿತ್ರದುರ್ಗ ಜಿಲ್ಲೆಯಲ್ಲಿ, ಹೊನ್ನಾಳಿಯು ಶಿವಮೊಗ್ಗ ಜಿಲ್ಲೆಯಲ್ಲಿ, ಎದುರು ದಡದ ರಾಣೇಬೆನ್ನೂರು ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿ ಕಂಡುಬರುತ್ತವೆ. 1997ರಲ್ಲಿ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳು ರಚನೆಯಾದ ನಂತರ ಹರಿಹರದ ಬಳಿ ಎರಡು ದಡಗಳು ಈ ಎರಡು ಜಿಲ್ಲೆಗಳಿಗೆ ಸೇರಿವೆ. ಎದುರು ದಡದಲ್ಲಿ ತಂಗುವವರು ಆ ಜಿಲ್ಲೆಯ ಕಚೇರಿಗಳನ್ನೂ ಸಂಪರ್ಕಿಸಬೇಕಾಗುತ್ತದೆ.

3. ನಕ್ಷೆಯೊಂದಿಗೆ ಹೋಲಿಕೆ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ನದಿಯ ತಿರುವುಗಳ ಮೇಲೆ ದಾರವನ್ನಿಟ್ಟು ಅಳೆಯುವುದು ಸುಲಭ ವಿಧಾನ. ದಾರದ ಉದ್ದ 60 ಸೆಂ.ಮೀ. ಬಂದಲ್ಲಿ ಜಲಮಾರ್ಗವು 30 ಕಿ.ಮೀ. ಆಗುತ್ತದೆ. ರಸ್ತೆಯ ದೂರವನ್ನು ನದಿಯ ದೂರವೆಂದು ಭಾವಿಸಬಾರದು. ಹೊಸಬರಿರುವ ತಂಡವು ನಿಧಾನ ನೀರಿನಲ್ಲಿ ಗಂಟೆಗೆ 3 ಕಿ.ಮೀ.ಗಿಂತ ಹೆಚ್ಚು ಸಾಗುವುದೆಂದು ಲೆಕ್ಕ ಹಾಕದಿರುವುದು ಒಳಿತು. ಇದರಂತೆ 30 ಕಿ.ಮೀ. ಸಾಗಲು ಹುಟ್ಟು ಹಾಕುವ ಸಮಯವೇ 10 ಗಂಟೆಯಾಗುವುದರಿಂದ ಅದನ್ನು ಎರಡು ದಿನಗಳಿಗೆ ಹಂಚಬೇಕು.

ಈ ನಕ್ಷೆಗಳಲ್ಲಿ ಸಮೋನ್ನತಿ ರೇಖೆಗಳ ಅಂತರವು ಸಾಮಾನ್ಯವಾಗಿ 20 ಮೀಟರ್ ಇರುತ್ತದೆ. ಆದ ಕಾರಣ 2 ಮೀಟರ್ ಎತ್ತರದ ಒಡ್ಡು ಅಥವಾ ಬಂಡೆಗಳ ಇಳಿಜಾರು ಈ ರೇಖೆಗಳಿಂದ ತಿಳಿಯುವುದಿಲ್ಲ. ಒಡ್ಡಿನ ಕೆಳಗೆ ನೀರು ಹಿಂದಕ್ಕೆ ಮರಳಿ ಸುಳಿಯಾಗುತ್ತದೆ. ಅದರಲ್ಲಿ ಸಿಲುಕಿದವರು ಈಜು ಬಲ್ಲವರಾದರೂ ಹೊರಬರುವುದು ಕಷ್ಟ. ಒಡ್ಡು ಇರುವಲ್ಲಿ ಸಾಕಷ್ಟು ಮೊದಲೇ ದಡ ಸೇರಿ ದೋಣಿಯನ್ನು ಹೊತ್ತು ಸಾಗತಕ್ಕದ್ದು.

4. ನೀರಿನ ಮಟ್ಟ

ಕೂಡಲಿಯಲ್ಲಿ ಸೇರುವ ತುಂಗಾ ಮತ್ತು ಭದ್ರಾ ನದಿಗಳು ಒಂದಾಗಿ ಹೊನ್ನಾಳಿಯ ಮೂಲಕ ಹರಿಹರಕ್ಕೆ ಬರುತ್ತವೆ. ತುಂಗಾ ನದಿಯ ಗಾಜನೂರು ಅಣೆಕಟ್ಟೆಯ ಸಂಗ್ರಹ ಸಾಮರ್ಥ್ಯವು ಕಡಿಮೆ ಇರುವುದರಿಂದ ಶೃಂಗೇರಿ, ತೀರ್ಥಹಳ್ಳಿ ಭಾಗದಲ್ಲಿ ಬಿದ್ದ ಮಳೆಯ ನೀರು ಮಳೆಗಾಲದಲ್ಲಿ ಬಹುಬೇಗ ಕೆಳಗೆ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯವು ತುಂಬಿದಾಗಲೂ ನದಿಗೆ ನೀರು ಬಿಡಲಾಗುತ್ತದೆ. ಹೀಗಾಗಿ ದಾವಣಗೆರೆಯಲ್ಲಿ ಬಿಸಿಲಿದ್ದರೂ ಹರಿಹರದಲ್ಲಿ ನದಿ ತುಂಬಿ ಹರಿಯಬಹುದು. ನಡುಗಡ್ಡೆಯ ಮೇಲೆ ಡೇರೆ ಹಾಕಿ ಮಲಗಿದವರಿಗೆ ರಾತ್ರಿ ಏರಿದ ನೀರು ತಿಳಿಯುವುದಿಲ್ಲ.

ಹೊರಡುವ ಹಿಂದಿನ ದಿನ ಹಾಗೂ ಅದೇ ದಿನ ಬೆಳಿಗ್ಗೆ ಎರಡೂ ಜಲಾಶಯಗಳ ಹೊರಹರಿವು, ಮಲೆನಾಡಿನ ಮಳೆಯ ಮುನ್ಸೂಚನೆ ಮತ್ತು ಜಿಲ್ಲಾಡಳಿತದ ಪ್ರಕಟಣೆಯನ್ನು ಪರಿಶೀಲಿಸತಕ್ಕದ್ದು. ನದಿಪಾತ್ರದಿಂದ ದೂರವಿರಲು ಎಚ್ಚರಿಕೆ ನೀಡಿದ್ದಲ್ಲಿ ಪ್ರವಾಸವನ್ನು ಕೈಬಿಡಬೇಕು. ಸ್ಥಳೀಯ ಅಂಬಿಗರು ಹಾಗೂ ಮೀನುಗಾರರಿಂದ ಮಡು, ಸುಳಿ, ಅಡ್ಡಬಲೆ ಮತ್ತು ಮೊಸಳೆಯ ಬಗ್ಗೆ ವಿಚಾರಿಸಿ ಪುಸ್ತಕದ ಅಂಚಿನಲ್ಲಿ ದಿನಾಂಕದೊಂದಿಗೆ ಬರೆದುಕೊಳ್ಳುವುದು ಉಪಯುಕ್ತ.

5. ಮೊದಲ ಅಭ್ಯಾಸ

ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿರುವ ಕೊಂಡಜ್ಜಿಯಲ್ಲಿ ಗುಡ್ಡಗಳ ನಡುವಿನ ಕೆರೆಯಿದೆ. ಸೆಳೆತವಿಲ್ಲದ ಇಂತಹ ನೀರಿನಲ್ಲಿ, ಅನುಮತಿ ಪಡೆದು, ತರಬೇತಾದವರ ಸಮಕ್ಷಮದಲ್ಲಿ ದೋಣಿ ಮಗುಚಿದಾಗ ಹಿಡಿದುಕೊಳ್ಳುವುದು, ಮತ್ತೆ ಏರುವುದು ಇವುಗಳನ್ನು ಕಲಿತ ನಂತರವೇ ನದಿಗೆ ಹೋಗುವುದು ಸೂಕ್ತ. ಕೆರೆಯಲ್ಲಿಯೂ ತೂಬು ಮತ್ತು ಕೋಡಿಯ ಸಮೀಪ ಹೋಗಬಾರದು. ಹೂಳು ಮತ್ತು ಜೊಂಡು ಇರುವಲ್ಲಿ ನೀರಿಗೆ ಇಳಿಯಬಾರದು.

6. ಅರ್ಜಿಯೊಂದಿಗೆ ಪ್ರವಾಸ ಪತ್ರ

ಕೆರೆ ಅಥವಾ ನದಿಗೆ ದೋಣಿ ಇಳಿಸಲು ಸಂಬಂಧಪಟ್ಟ ಕಚೇರಿಯ ಒಪ್ಪಿಗೆಯನ್ನು, ಕಾಯ್ದಿಟ್ಟ ಅರಣ್ಯದಲ್ಲಿ ಸಂಚರಿಸಲು ಅಥವಾ ತಂಗಲು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು. ಅರ್ಜಿಯೊಂದಿಗೆ ಒಂದು ಪುಟದ ಪ್ರವಾಸ ಪತ್ರವನ್ನು ಸಿದ್ಧಪಡಿಸುವುದು ಉತ್ತಮ. ಅದರಲ್ಲಿ ಇರಬೇಕಾದ ವಿವರಗಳು:

• ಸದಸ್ಯರ ಹೆಸರು, ವಯಸ್ಸು, ಈಜು ಬಲ್ಲವರ ವಿವರ
• ದೋಣಿಗಳ ಹಾಗೂ ಜೀವರಕ್ಷಕ ಜಾಕೆಟ್‌ಗಳ ಸಂಖ್ಯೆ (ಪ್ರತಿಯೊಬ್ಬರಿಗೂ ಒಂದು)
• ಇಳಿಯುವ, ತಂಗುವ, ಮುಗಿಸುವ ಸ್ಥಳ ಮತ್ತು ವೇಳೆ
• ಮಧ್ಯದಲ್ಲಿ ನದಿಯನ್ನು ಬಿಟ್ಟು ರಸ್ತೆ ಸೇರಬಹುದಾದ ಸ್ಥಳಗಳು
• ನೀರು ಹೆಚ್ಚಿದಲ್ಲಿ ಬದಲಿ ದಿನಾಂಕ

ಪತ್ರದ ಒಂದು ಪ್ರತಿಯನ್ನು ದಡದಲ್ಲಿರುವ ಜವಾಬ್ದಾರಿಯುತ ವ್ಯಕ್ತಿಗೆ ನೀಡಿ, ಯಾವ ವೇಳೆಯೊಳಗೆ ಸುದ್ದಿ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕೆಂಬುದನ್ನು ಬರೆದಿಡಬೇಕು. ತಂಡವು ತಲುಪದಿದ್ದಾಗ ಎಲ್ಲಿಂದ ಹುಡುಕಾಟ ಆರಂಭಿಸಬೇಕೆಂಬುದನ್ನು ರಕ್ಷಣಾ ಸಿಬ್ಬಂದಿಗೆ ತಿಳಿಸುವುದು ಈ ಒಂದು ಹಾಳೆಯೇ.

ಅನುಮತಿ ದೊರೆತ ಮಾತ್ರಕ್ಕೆ ಆ ದಿನ ನದಿಯು ಸುರಕ್ಷಿತವಾಗಿದೆ ಎಂದು ಅರ್ಥವಲ್ಲ. ದಡದಲ್ಲಿ ನಿಂತು ನೀರನ್ನು ನೋಡಿ ಸಂದೇಹ ಬಂದಲ್ಲಿ ಹಿಂತಿರುಗುವುದನ್ನೂ ಯೋಜನೆಯ ಭಾಗವಾಗಿ ಪರಿಗಣಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.